ಚೆಂದ ಅನ್ನಬಾರದು

"ಅಯ್ಯಯ್ಯೋ, ಎಂಥಾ ಕುರೂಪಿ ಕೂಸು ಇದು!" ಎಂದು ಮೇಕಾಂಗ್ ಹೊಳೆಯ ಮೀನು ಮಾರುವ ಬುಪ್ಪಾ, ಬುಟ್ಟಿ ಇಳಿಸಿ ತೊಟ್ಟಿಲಿಗೆ ಬಗ್ಗಿದಳು.

ಏಳು ವರ್ಷದ ಬುವಾಳಿಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಿ ಮೀಯಿಸಿದ ಮೇಲೆ ಮೂರು ತಿಂಗಳ ತಮ್ಮನಿಗೆ ಪೌಡರ್ ಬಳಿದು, ಇರುವ ನಾಲ್ಕು ಕೂದಲಿಗೇ ಬೈತಲೆ ತೆಗೆದವಳು ಅವಳೇ.

"ನಿಮ್ಮ ಮೀನೇ ಕುರೂಪಿ, ಬುಪ್ಪತ್ತೆ! ನಮ್ಮ ಪುಟ್ಟನಷ್ಟು ಚೆಂದದ ಮಗು ಇಡೀ ಊರಲ್ಲೇ ಇಲ್ಲ!"

ಒಳಗಿಂದ ಅಜ್ಜಿ ಓಡಿಬಂದು ಮೊಮ್ಮಗಳ ಬಾಯಿ ಮುಚ್ಚಿದಳು. "ಬಾಯಿಗೆ ಬೀಗ ಹಾಕೇ! ಚೆಂದದ ಕೂಸು ಎಲ್ಲಿದೆ ಅಂತ ದೆವ್ವಗಳು ಕಿವಿಗೊಟ್ಟು ಕೂತಿರ್ತಾವೆ, ಎತ್ಕೊಂಡು ಹೋಗ್ಬಿಡ್ತಾವೆ. ಅದಕ್ಕೇ ಜೋರಾಗಿ ಕುರೂಪಿ ಅನ್ನೋದು. ಅವಳು ಅಂದಿದ್ದು ಮುದ್ದಿಗೆ ಕಣೇ, ಪೆದ್ದಿ!"

ಬುವಾಳ ಎದೆ ಧಸಕ್ಕೆಂದಿತು. ಬಾಗಿಲಿಗೆ ಓಡಿ, ದೆವ್ವಗಳಿವೆ ಅನ್ನುವ ಎದುರಿನ ಹುಣಸೆಮರದ ಕಡೆ ಕೂಗಿದಳು: "ಸುಳ್ಳು ಹೇಳ್ದೆ! ಇವ್ನು ಬೋಡ! ಕಪ್ಪೆ ಮೂತಿ! ದಿನಾ ನನ್ನ ಮೇಲೇ ಉಚ್ಚೆ ಹೊಯ್ತಾನೆ!"

ಬುಪ್ಪಾ ನಕ್ಕೂ ನಕ್ಕೂ ಮೀನು ತೂಗುವುದನ್ನೇ ಮರೆತಳು.

"ಅವು ನಂಬಿದ್ವಾ ಅಜ್ಜೀ?"

"ಯಾರಿಗ್ಗೊತ್ತು? ಮೊದ್ಲು ಅಂದಿದ್ದೇ ಕೇಳಿಸ್ಕೊಂಡಿದ್ರೆ?" ಎಂದು ಅಜ್ಜಿ ಕೀಟಲೆ ಮಾಡಿ ಒಲೆಯ ಹತ್ತಿರ ಹೋದಳು. ಮುದುಕಿಗೂ ಒಂದು ಬುದ್ಧಿ ಬೇಡವೇ!

ಸಂಜೆ ನೋಡಿದರೆ ತೊಟ್ಟಿಲು ಖಾಲಿ. ಅಜ್ಜಿಯ ಜೀವ ಬಾಯಿಗೆ ಬಂತು. ಹುಡುಕಿದರೆ, ಮಡಿಸಿಟ್ಟ ಚಾಪೆಗಳ ಹಿಂದೆ ಕೂಸು ಮುಖದ ತುಂಬ ಬಾಣಲೆಯ ಮಸಿ ಬಳಿಸಿಕೊಂಡು ನಿದ್ದೆ ಹೊಡೆಯುತ್ತಿತ್ತು. ಹೊರಗೆ, ಕಂಬಗಳ ಮೇಲೆ ನಿಂತ ಮನೆಗೆ ಹತ್ತುವ ಏಣಿಯ ಮೇಲಿನ ಮೆಟ್ಟಿಲಲ್ಲಿ ಬುವಾ ಕೂತಿದ್ದಳು. ಬೆರಳು ದಪ್ಪ ಪೌಡರ್, ಅಮ್ಮನ ಲಿಪ್‌ಸ್ಟಿಕ್, ಹಬ್ಬಕ್ಕೆಂದು ತೆಗೆದಿಟ್ಟಿದ್ದ ರೇಷ್ಮೆ ಲಂಗ, ಕಿವಿಯ ಮೇಲೊಂದು ಹೂವು. ಕಣ್ಣು ಮಾತ್ರ ಹುಣಸೆಮರದ ಮೇಲೇ ನೆಟ್ಟಿತ್ತು.

"ಏನೇ ಇದು ವೇಷ?"

"ಶ್! ಅವು ಬಂದ್ರೆ ಮೊದ್ಲು ನಾನೇ ಚೆಂದ ಕಾಣ್ಬೇಕು, ನನ್ನೇ ಎತ್ಕೊಂಡು ಹೋಗ್ಲಿ. ಪುಟ್ಟನಿಗೆ ನಡೆಯೋಕೇ ಬರಲ್ಲ ಅಜ್ಜೀ. ನಾನಾದ್ರೆ ಹೇಗೋ ದಾರಿ ಕೇಳ್ಕೊಂಡು ವಾಪಸ್ ಬಂದ್ಬಿಡ್ತೀನಿ."

ಅಜ್ಜಿ ಪಕ್ಕದಲ್ಲಿ ಕೂತು ಮೊಮ್ಮಗಳನ್ನು ಬಾಚಿ ಎದೆಗೊತ್ತಿಕೊಂಡಳು. ಆಮೇಲೆ ಹುಣಸೆಮರದ ಕಡೆ ತಿರುಗಿ, ಊರಿಗೆಲ್ಲ ಕೇಳುವಂತೆ ಅರಚಿದಳು:

"ಥೂ! ಇಂಥಾ ಕುರೂಪಿ ಹುಡುಗೀನ ನನ್ನ ಜನ್ಮದಲ್ಲೇ ನೋಡಿಲ್ಲ!"