ಸೋಫಾ ಇಟ್ಟ ಜಾಗ

ಹಡಗಿನಲ್ಲಿ ಅಡುಗೆ ಕೆಲಸದಲ್ಲಿದ್ದ ನೀಲವ್ವನ ಮಗ ಸ್ಪೇನಿನ ಹುಡುಗಿಯನ್ನು ಮದುವೆಯಾದ. ಸೊಸೆ ಬರುವ ಸುದ್ದಿ ತಿಳಿದದ್ದೇ ಮಗಳು ಶಿವಲೀಲಾ ಮೊಬೈಲ್ ನೋಡಿಕೊಂಡು ಸ್ಪ್ಯಾನಿಷ್ ಕಲಿಯತೊಡಗಿದಳು. ಮೊದಲ ಪಾಠವೇ ದನಕರುಗಳದ್ದು.

"ಆಕಳಿಗೆ ಬಾಕಾ, ಆಡಿಗೆ ಕಾಬ್ರಾ, ಕೋಳಿಗೆ ಗಾಯೀನಾ. ನೀನೂ ಅನ್ನವ್ವಾ."

"ಸಾಕ್ ಸುಮ್ನಿರು! ಆಕಿ ಮುಂದ ದನದ ಮಾತು ತಗದಿ ಅಂದ್ರ ನೋಡು. ಬಾಗಲಾಗ ಕಾಲಿಟ್ಟ ಕೂಡ್ಲೆ ಸಗಣಿ ವಾಸನಿ, ಏನ್ ತಿಳ್ಕೋತಾಳ ಆಕಿ?"

ಊರಿನ ಹಳೇ ಮನೆಗಳಂತೆ ಅವರದೂ ತಲಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಆಮೇಲೆ ಎತ್ತರದ ಪಡಸಾಲೆ. ಯಾರೇ ಬರಲಿ, ಆಕಳು ಗಂಗಿಯ ಪಕ್ಕದಲ್ಲೇ ಹಾದು ಒಳಗೆ ಬರಬೇಕು. ನಾಚಿಕೆ ತಾಳಲಾರದೆ ನೀಲವ್ವ ಸಂತೆಯಲ್ಲಿ ಗಂಗಿಯನ್ನು ಮಾರಿಬಿಟ್ಟಳು. ಆ ಜಾಗಕ್ಕೆ ಸುಣ್ಣ ಹೊಡೆಸಿ, ಬಂದ ದುಡ್ಡಿನಲ್ಲಿ ಸೋಫಾ ತಂದು ಹಾಕಿಸಿದಳು. ಮಗಳು ಅತ್ತು ಅತ್ತು ಮಾತು ಬಿಟ್ಟಳು.

ಸೊಸೆ ಬಂದಳು. ಸೋಫಾದ ಮೇಲೆ ಕೂರದೆ ಸುತ್ತಲೂ ಕಣ್ಣಾಡಿಸಿದಳು. ಆಮೇಲೆ ಚೀಲದಿಂದ ಹಳೆಯ ಗಂಟೆಯೊಂದನ್ನು ತೆಗೆದು ನೀಲವ್ವನ ಕೈಗಿಟ್ಟಳು.

"ಇವರವ್ವನ ಆಕಳ ಕೊಳ್ಳಾಗಿಂದು ಅದು," ಅಂದ ಮಗ. "ಇವರ ಊರಾಗೂ ಕೆಳಗ ದನ, ಮ್ಯಾಲ ಮಂದಿ. ನಮ್ಮ ಮನಿ ಹಂಗ ಐತಿ ಅಂದಿದ್ಕ ಭಾಳ ಖುಷಿಯಾಗ್ಯಾಳ. ಗಂಗಿಗೆ ತನ್ನ ಕೈಯಾರೆ ಕಟ್ಟಬೇಕಂತ."

ಸೊಸೆ ಅತ್ತೆಯ ಮುಖ ನೋಡಿ ನಗುತ್ತ ಮೆಲ್ಲಗೆ ಕೇಳಿದಳು:

"ಬಾಕಾ?"