ಕರುವಿನ ಬಿಪಿ ನೋಡಿದ್ದು

ನಸುಕಿನಲ್ಲಿ ಹುಟ್ಟಿದ ಕರು ಬಿಸಿಲೇರಿದರೂ ಎದ್ದು ನಿಂತಿರಲಿಲ್ಲ. ನರಿನ್ ಬೆಟ್ಟಸೀಮೆಯ ಮಾರ್ಚ್ ಚಳಿಗೆ ಹೆದರಿ ಸಾತಾರ್ ತಾತ ಅದನ್ನು ಮನೆಯೊಳಗೇ ತಂದು, ಒಲೆಯ ಪಕ್ಕ ಕಂಬಳಿ ಹೊದಿಸಿ ಕೂತಿದ್ದ. ದನದ ಡಾಕ್ಟರಮ್ಮ ಚಿನಾರಾಳಿಗೆ ಫೋನ್ ಮಾಡಿದ್ದು ಅವನ ಹೆಂಡತಿ ಬುರುಲ್ ಅಜ್ಜಿ. ಗಂಡನಿಗೆ ಕೇಳದ ಹಾಗೆ ಒಂದು ಮಾತು ಸೇರಿಸಿದ್ದಳು: "ಬಿಪಿ ಮಿಷನ್ ತರ್ತೀಯಲ್ಲ, ಮನುಷ್ಯರ ತೋಳಿಗೆ ಕಟ್ಟೋ ಪಟ್ಟೀನೂ ತಾರಮ್ಮ. ನಮ್ಮ ಮುದುಕ ಆಸ್ಪತ್ರೆ ಹೊಸ್ತಿಲು ತುಳಿಯಲ್ಲ."

ತಾತನಿಗೆ ಕೆಲವು ದಿನಗಳಿಂದ ತಲೆಸುತ್ತು. ಅವನ ಅಣ್ಣನೂ ಹೀಗೇ, 'ನಂಗೇನಾಗಿದೆ' ಎನ್ನುತ್ತಲೇ ಇದ್ದ; ಹೋದ ಚಳಿಗಾಲದಲ್ಲಿ ತಲೆಸುತ್ತಿ ಕುದುರೆಯಿಂದ ಬಿದ್ದವನು ಮತ್ತೆ ಏಳಲಿಲ್ಲ. ಅಜ್ಜಿಗೆ ಕರುವಿನ ಚಿಂತೆ ಒಂದು ಪಾಲಾದರೆ ಇವನ ಚಿಂತೆ ಹತ್ತು ಪಾಲು.

ಚಿನಾರಾ ಕರುವಿನ ಮುಂಗಾಲಿಗೆ ಪುಟ್ಟ ಪಟ್ಟಿ ಸುತ್ತುತ್ತಾ, "ಅಬ್ಬಾ, ಎಷ್ಟು ಚೆಂದ..." ಎಂದಳು.

"ಥೂ! ಥೂ!" ತಾತ ಹೌಹಾರಿದ. "ದೃಷ್ಟಿ ತಾಗಿಸ್ತೀಯಾ? ಕೆಟ್ಟ ಮೂತಿ ಅನ್ನು!"

"ಕೆಟ್ಟ ಮೂತಿ," ಎಂದು ಒಪ್ಪಿಸಿ ಗುಂಡಿ ಒತ್ತಿದಳು. ಮಿಷನ್ ಗುರ್ ಎಂದಿತು, ಕರು ಕಾಲು ಕೊಡವಿತು, ಲೆಕ್ಕ ತಪ್ಪಿತು. ಎರಡನೇ ಸಲವೂ ಅದೇ ಕಥೆ.

"ಕೆಟ್ಟ ಡಬ್ಬಿ ಹಿಡ್ಕೊಂಡು ಬಂದಿದ್ದೀಯಾ!" ತಾತ ಗೊಣಗಿದ.

ಅಜ್ಜಿ ಕಾಯುತ್ತಿದ್ದುದೇ ಇದಕ್ಕೆ. "ಕೆಟ್ಟಿದ್ರೂ ಇರ್ಬಹುದಪ್ಪ. ಗಟ್ಟಿಮುಟ್ಟಾಗಿರೋರಿಗೆ ಕಟ್ಟಿ ನೋಡಿದ್ರೆ ಗೊತ್ತಾಗ್ತಿತ್ತು. ಈ ಮನೇಲಿ ಅಂಥೋರು ಯಾರಿದ್ದಾರೆ?"

"ಯಾರಿದ್ದಾರೆ ಅಂದ್ರೆ? ನಾನೇನು ಸತ್ತಿದ್ದೀನಾ?" ತಾತ ತೋಳೇರಿಸಿ ಚಾಚಿಯೇಬಿಟ್ಟ.

ಚಿನಾರಾ ಚೀಲದಿಂದ ದೊಡ್ಡ ಪಟ್ಟಿ ತೆಗೆದು ಕಟ್ಟಿದಳು. ನೂರ ತೊಂಬತ್ತು! ಚಿನಾರಾಳ ಮುಖ ಇಳಿಯಿತು. "ನೋಡಿದ್ಯಾ, ಡಬ್ಬಿ ಸುಳ್ಳು ಹೇಳುತ್ತೆ!" ಎಂದು ತಾತ ಗೆದ್ದವನಂತೆ ಬೀಗಿದ. ಅಜ್ಜಿ ತನ್ನ ತೋಳು ಕೊಟ್ಟಳು. ನೂರ ಇಪ್ಪತ್ತು. ಅಷ್ಟರಲ್ಲಿ ಸುಮ್ಮನಾಗಿದ್ದ ಕರುವಿನದು ನೂರ ಐದು. ಡಬ್ಬಿ ಸರಿಯಾಗೇ ಇತ್ತು; ತಾತ ಅಂಗಿಯ ತೋಳನ್ನು ಮೆಲ್ಲಗೆ ಇಳಿಸಿಕೊಂಡ.

"ಕರು ಚೆನ್ನಾ... ಅಲ್ಲಲ್ಲ, ತುಂಬಾ ಕೆಟ್ಟದಾಗಿದೆ ತಾತ," ಚಿನಾರಾ ನಕ್ಕಳು. "ಗಿಣ್ಣುಹಾಲು ಕುಡಿಸಿ, ಸಂಜೆಗೆ ಓಡಾಡುತ್ತೆ. ನಿಜವಾಗ್ಲೂ ಕೆಟ್ಟಿರೋದು ನಿಮ್ಮ ಬಿಪಿ. ಇವತ್ತೇ ಆಸ್ಪತ್ರೆಗೆ ನಡೀರಿ. ಮಾತ್ರೆ ಶುರು, ಕೊಬ್ಬು ಬಂದ್, ಉಪ್ಪಿನ ಚಹಾ ಬಂದ್."

"ಒಂದು ಕೆಲ್ಸ ಮಾಡು ಮಗಳೇ. ನನ್ನದನ್ನ ಕರುವಿಗೆ ಹಾಕು, ಅದರದ್ದು ನನಗಿರ್ಲಿ. ಎಳೇ ಪ್ರಾಣಿ, ತಡ್ಕೊಳ್ಳುತ್ತೆ."

ಅಜ್ಜಿ ನಗಲಿಲ್ಲ. ಗಂಡನ ಊಟಕ್ಕೆಂದು ಕುರಿಯ ದಪ್ಪ ಬಾಲದ ಕೊಬ್ಬು ಹುರಿದಿಟ್ಟಿದ್ದ ತಟ್ಟೆ ತಂದು ಕರುವಿನ ಮುಂದೆ ಕುಕ್ಕಿದಳು. "ಹಾಗೇ ಆಗ್ಲಿ! ಇನ್ಮೇಲೆ ಕೊಬ್ಬು ಇದಕ್ಕೆ. ನೀನು ಕೊಟ್ಟಿಗೆಗೆ ಹೋಗಿ ಕೆಚ್ಚಲಿಗೆ ಬಾಯಿ ಹಾಕು. ಕರುವಾಗಾದ್ರೂ ಸರಿ, ಬದುಕಿರು ಮಾರಾಯ!" ಎನ್ನುವಷ್ಟರಲ್ಲಿ ಅವಳ ದನಿ ಒಡೆಯಿತು.

ತಾತ ತಟ್ಟೆ ನೋಡಿದ. ಹೆಂಡತಿಯ ಒದ್ದೆ ಕಣ್ಣು ನೋಡಿದ. ಆಮೇಲೆ ಡಾಕ್ಟರಮ್ಮನ ಕಡೆ ಬಾಗಿ, ಮೆಲ್ಲಗೆ ಕೇಳಿದ:

"ಮಾತ್ರೆ ಕಹಿ ಇರುತ್ತೇನಮ್ಮಾ?"