ನಾಲ್ಕು ಚೂರಾದ ಹಾಳೆ

ಹೈಕೋರ್ಟಿನ ಒಳಗಿನ ವಿಷಯ ಹೇಳಲು ನಾನು ಕಾನೂನು ಓದಿದವನಲ್ಲ. ಎಲ್ಲಾದರೂ ತಪ್ಪಿದ್ದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಬ್ರೇಕ್ ಹಿಡಿಯದ ಬಸ್ಸನ್ನು ಗೋಡೆಗೆ ಗುದ್ದಿಸಿ ನಿಲ್ಲಿಸಿ, ಅದಕ್ಕಾಗಿ ಕೆಲಸ ಕಳೆದುಕೊಂಡಿದ್ದ ಚಾಲಕ ಹಿಂದಿನ ಬೆಂಚಿನಲ್ಲಿ ಮಾವನ ಪಕ್ಕ ಕೂತಿದ್ದ. ನ್ಯಾಯಮೂರ್ತಿಗಳು ಮುಕ್ಕಾಲು ಗಂಟೆಯಿಂದ ಅವನ ವಕೀಲರನ್ನೇ ತರಾಟೆಗೆ ತೆಗೆದುಕೊಂಡಿದ್ದರು.

“ಡಿಪೋದಿಂದ ಹೊರಡೋ ಮುಂಚೆ ಬ್ರೇಕ್ ನೋಡ್ಕೋಬಾರದಿತ್ತಾ ನಿಮ್ಮ ಕಕ್ಷಿಗಾರ?”

“ಮುಗೀತು ಮಾವ,” ಚಾಲಕ ಪಿಸುಗುಟ್ಟಿದ.

“ಸುಮ್ನಿರೋ.” ಮಾವ ಮೂವತ್ತು ವರ್ಷ ವಕೀಲರ ಗುಮಾಸ್ತರಾಗಿದ್ದವರು. ಯಾವ ನ್ಯಾಯಮೂರ್ತಿ ಏನಂದರು, ಆಮೇಲೆ ತೀರ್ಪು ಏನಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡವರು. “ಬೈತಿದ್ದಾರೆ ಅಂದ್ರೆ ನಮ್ಮ ಪರ. ಬರೆಯೋ ತೀರ್ಪಲ್ಲಿ ತೂತಿರಬಾರದು ಅಂತ ಕೆದಕ್ತಾರೆ. ನಕ್ಕರೆ ಮಾತ್ರ ಹೆದರ್ಕೋ.”

ಅಷ್ಟರಲ್ಲಿ ನ್ಯಾಯಮೂರ್ತಿಗಳು ನಕ್ಕರು. “ಚೆನ್ನಾಗಿ ವಾದ ಮಾಡಿದ್ರಿ.”

ಮಾವನ ಮುಖ ಹುಳ್ಳಗಾಯಿತು.

ಬಸ್ ಕಂಪನಿಯ ವಕೀಲರಿಗೆ ಒಂದೂ ಪ್ರಶ್ನೆ ಕೇಳದೆ, “ಊಟ ಆದ ಮೇಲೆ ಆದೇಶ ಹೇಳ್ತೀನಿ” ಎಂದು ನ್ಯಾಯಮೂರ್ತಿಗಳು ಎದ್ದು ಹೋದರು.

ಹೊರಗೆ ಮೆಟ್ಟಿಲ ಬಳಿ ಕಂಪನಿಯ ವಕೀಲರೇ ಹುಡುಕಿಕೊಂಡು ಬಂದರು. ತಮ್ಮನ್ನು ಏನೂ ಕೇಳಲಿಲ್ಲವೆಂದರೆ ನ್ಯಾಯಮೂರ್ತಿಗಳು ಆಗಲೇ ತೀರ್ಮಾನಿಸಿಬಿಟ್ಟಿದ್ದಾರೆ, ಅದು ಯಾರ ಪರವೋ ಎಂದು ಅವರಿಗೂ ಭಯ. “ಡಿಪೋ ಸ್ಟೋರ್‌ನಲ್ಲಿ ಕೆಲಸ ಕೊಡ್ತೀವಿ. ಸ್ಟೀರಿಂಗ್ ಮಾತ್ರ ಕೇಳ್ಬೇಡಿ.”

“ನಂಗೆ ಬಸ್ಸೇ ಬೇಕು ಮಾವ. ತಪ್ಪು ನಂದಲ್ಲ ಅಂತ ಒಬ್ರಾದ್ರೂ ಹೇಳ್ಬೇಕು.”

“ನಕ್ಕಿದ್ದು ನೋಡ್ಲಿಲ್ವೇನೋ? ಇದ್ದಬದ್ದದ್ದೂ ಕೈಬಿಟ್ಟು ಹೋಗತ್ತೆ. ಹಾಕು ಸೈನು.”

ಚಾಲಕ ಹಾಕಿದ.

ಮಧ್ಯಾಹ್ನ ರಾಜಿ ಪತ್ರ ಓದಿದ ನ್ಯಾಯಮೂರ್ತಿಗಳು “ಬಹಳ ಸಂತೋಷ” ಎಂದರು. ಊಟದ ಹೊತ್ತಿನಲ್ಲಿ ಬರೆದುಕೊಂಡು ಬಂದಿದ್ದ ಹಾಳೆಯನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದರು. ಮಾವ ಕತ್ತು ಉದ್ದ ಮಾಡಿ ನೋಡಿದರು.

“ಹರಿದಿದ್ದು ನೋಡಿದ್ಯಾ? ಹರಿಯೋಕೆ ಮನಸ್ಸೇ ಇರಲಿಲ್ಲ ಅವರಿಗೆ. ನಮ್ಮ ಪರಾನೇ ಇತ್ತು ಕಣೋ!” ಎನ್ನುತ್ತ ನೋಟ್‌ಬುಕ್ ತೆಗೆದು ಅದನ್ನೂ ಬರೆದುಕೊಂಡರು.

ಚಾಲಕ ಈಗ ಡಿಪೋದ ಸ್ಟೋರ್ ಕಿಟಕಿಯ ಹಿಂದೆ ಕೂತು ಬೇರೆಯವರ ಬಸ್ಸಿಗೆ ಬ್ರೇಕಿನ ಸಾಮಾನು ಕೊಡುತ್ತಾನೆ. ಒಂದೊಂದನ್ನೂ ಎರಡೆರಡು ಸಲ ತಿರುಗಿಸಿ ನೋಡಿಯೇ ಕೊಡುತ್ತಾನೆ. ಆ ಹಾಳೆಯಲ್ಲಿ ಏನಿತ್ತೋ, ನನಗೂ ಗೊತ್ತಿಲ್ಲ.